ಹತ್ತು ಎಣಿಸುವತನಕ

ಬಲಗಾಲು ಮತ್ತೆ ಜಾರಿತು.

ಹಣಮಂತಪ್ಪ ಅದನ್ನು ಮೂರನೆಯ ಸಲ ಮಡಚಿ, ಬಿಳಿ ಅರಿವೆಯ ಪಟ್ಟಿಯಿಂದ ಬಿಗಿದು, ಹಣೆಯ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಕಾಲು ಪಟ್ಟಿಯೊಳಗಿನಿಂದ ಮೆಲ್ಲಗೆ ನುಸುಳಿ ಬಂದು ಅಂಗಾಲನ್ನು ನೆಲಕ್ಕೆ ಊರಿತು. ಗಂಟು ಮಾತ್ರ ಬಿಗಿದದ್ದು ಬಿಗಿದ ಹಾಗೇ ಇತ್ತು. ಅಕ್ಕಲಕೋಟದಲ್ಲಿ ಮೂವತ್ತು ವರ್ಷಗಳಿಂದ ಸಮಾಜದ ಸತ್ತವರನ್ನೆಲ್ಲ ಕೂರಿಸುತ್ತ ಬಂದ ಮನುಷ್ಯ ಅವನು. ಬದುಕಿದ್ದಾಗ ಯಾರ ಮಾತಿಗೂ ಬಗ್ಗದವರು ಕೂಡ ಅವನ ಕೈಗೆ ಸಿಕ್ಕ ಮೇಲೆ ತೆಪ್ಪಗೆ ಪದ್ಮಾಸನ ಹಾಕಿ ಕೂತಿದ್ದರು. ವೆಲ್ಡಿಂಗಿನ ಗುರುಶಾಂತ, ಇರುವಾಗ ಗಟ್ಟಿ ದನಿಯಲ್ಲಿ ಒಂದು ಮಾತಾಡದವನು, ಸತ್ತ ಮೇಲೆ ಹೀಗೆ ಹಟ ಹಿಡಿಯುತ್ತಾನೆಂದು ಅವನು ಎಣಿಸಿರಲಿಲ್ಲ.

"ಸೆಟದದ, ಬಿಡ್ರಿ. ಮುಂಜಾನೆ ಹೋಗ್ಯಾನ, ಈಗ ಮಧ್ಯಾಹ್ನ ಆಗ್ಯದ," ಎಂದ ಸತ್ತವನ ಅಣ್ಣ ಶಾಂತಲಿಂಗಪ್ಪ.

"ಸೆಟದಿದ್ದರ ಎರಡೂ ಸೆಟೀಬೇಕಲ್ಲೋ. ಎಡಗಾಲು ಅರಿವಿ ಮಡಚಿದಂಗ ಮಡಚ್ಯದ. ಇದೊಂದs ಯಾಕ?" ಹಣಮಂತಪ್ಪ ದನಿ ತಗ್ಗಿಸಿದ. "ಬಿಸಿನೀರಾಗ ಅರಿವಿ ಅದ್ದಿ ತರ್ರಿ. ಮಣಕಾಲಿಗಿ ಕಾಸೂಣು."

ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣದ ಬಲಕ್ಕೆ ರತ್ನಾಬಾಯಿ ಕೂತಿದ್ದಳು. ಗಂಡನ ಮೈಗೆ ಬೆಳಿಗ್ಗೆ ತಾನೇ ವಿಭೂತಿ ಹಚ್ಚಿದ್ದಳು, ಹಣೆಯಿಂದ ಹಿಡಿದು ಅಂಗಾಲಿನವರೆಗೆ, ಎಲ್ಲೂ ಬಿಡದ ಹಾಗೆ. ಎಡ ಅಂಗೈಯಲ್ಲಿ ಲಿಂಗ ಇತ್ತು. ಎಲ್ಲರೂ ಕಾಲು ನೋಡುತ್ತಿದ್ದರೆ ಅವಳು ಮಾತ್ರ ಅವನ ಬಲಗೈ ನೋಡುತ್ತಿದ್ದಳು. ಎಚ್ಚರವಿದ್ದಾಗೆಲ್ಲ ನಡುಗುತ್ತಿದ್ದ ಕೈ, ಆರು ವರ್ಷಗಳಿಂದ ಶಾಲಿನೊಳಗೋ ಕಿಸೆಯೊಳಗೋ ಅಡಗಿಕೊಂಡೇ ಇದ್ದ ಕೈ, ಈಗ ಹತ್ತು ಮಂದಿಯೆದುರು ತೊಡೆಯ ಮೇಲೆ ನಿಶ್ಚಲವಾಗಿ ಕೂತಿತ್ತು. ಆ ನಡುಕ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಅವಳೊಬ್ಬಳೇ. ಅಳು ಅವಳಿಗೆ ಹೆಣ ನೋಡಿ ಬರಲಿಲ್ಲ, ಸುಮ್ಮನಾದ ಆ ಕೈ ನೋಡಿ ಬಂತು.

ಹಿತ್ತಲಿನ ಶೆಡ್ಡಿಗೆ ಹೋಗಿದ್ದ ಇಬ್ಬರು ಬರಿಗೈಲಿ ಮರಳಿ ಬಂದರು.

"ಕಾಕಾ, ವಿಮಾನ ತರಾಕ ಬರಂಗಿಲ್ಲ. ಅದರ ಹಿಂದಿನ ಕಾಲಿಂದು ಒಂದು ಜೋಡು ಬೆಸೀದs ಬಾಕಿ ಬಿಟ್ಟಾನ. ಹಿಡಿದರ ಅಲ್ಲಾಡ್ತದ."

ಹಣಮಂತಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡ. ಕೂತ ಹೆಣವನ್ನು ಕೂತ ಹಾಗೇ ಹೆಗಲ ಮೇಲೆ ಒಯ್ಯುವ ಕುರ್ಚಿಗೆ ವಿಮಾನ ಅನ್ನುತ್ತಾರೆ. ಪ್ರತಿ ಸಾವಿಗೂ ಬಿದಿರಿನಿಂದ ಹೊಸದು ಕಟ್ಟುವುದು ರೂಢಿ. ಹೋದ ಮಳೆಗಾಲದಲ್ಲಿ ಅವಸರಕ್ಕೆ ಕಟ್ಟಿದ್ದೊಂದು ನಡುದಾರಿಯಲ್ಲಿ ಮುರಿದು, ಅದರಲ್ಲಿದ್ದ ಮುದುಕ ಹಣಮಂತಪ್ಪನ ಹೆಗಲಿಗೆ ಹಳೇ ಗೆಳೆಯನ ಹಾಗೆ ತಲೆಯಿಟ್ಟಿದ್ದ. ಎಂಟು ದಿನ ಹಣಮಂತಪ್ಪ ಆ ಮಗ್ಗುಲಿಗೆ ಮಲಗಲಿಲ್ಲ. ಒಂಬತ್ತನೆಯ ದಿನ ಬಂದು, ಸಮಾಜಕ್ಕೆಂದು ಒಂದು ಸ್ಟೀಲಿನ ವಿಮಾನ ಮಾಡಿಕೊಡು ಎಂದು ಗುರುಶಾಂತನಿಗೆ ಹೇಳಿದ. ಅದೇ ಈಗ ಶೆಡ್ಡಿನಲ್ಲಿ ಒಂದು ಜೋಡು ಬಾಕಿಯಾಗಿ ನಿಂತಿತ್ತು.

* * *

ಆರು ವರ್ಷದ ಹಿಂದೆ ಒಂದು ದಿನ ಗುರುಶಾಂತ ಹೆಂಡತಿಯನ್ನು ಕರಕೊಂಡು ಎಸ್‌ಟಿ ಬಸ್ಸಿನಲ್ಲಿ ಸೋಲಾಪುರಕ್ಕೆ ಹೋದ. ಕಾರಣ ಹೇಳಲಿಲ್ಲ. ನವಿ ಪೇಠೆಯ ಅರಿವೆ ಅಂಗಡಿಯಲ್ಲಿ ಅವಳು ಕೌದಿ ಹೊಲಿಯಲು ತುಂಡು ಬಟ್ಟೆಯ ಗಂಟು ತಗೊಳ್ಳುವವರೆಗೆ ಸುಮ್ಮನೆ ನಿಂತಿದ್ದು, ಆಮೇಲೆ ರಿಕ್ಷಾ ಹತ್ತಿಸಿ ಚಿಂಚೋಳಿ ಎಂಐಡಿಸಿಯ ಕಡೆ ಹೊರಟ. ಕಾರಖಾನೆಗಳ ಸಾಲಿನಲ್ಲಿ ಅಮೋಲ್ ಎಂಬವನ ವೆಲ್ಡಿಂಗ್ ಮಷೀನಿನ ಅಂಗಡಿ ಇತ್ತು.

ಇಪ್ಪತ್ತೈದು ವರ್ಷ ಗುರುಶಾಂತ ಗೇಟು, ಕಿಟಕಿ ಸರಳು, ಟ್ರ್ಯಾಕ್ಟರಿನ ಟ್ರಾಲಿ ಎಂದು ರಾಡ್ ವೆಲ್ಡಿಂಗೇ ಮಾಡಿದವನು. ಈಗ ಊರಲ್ಲಿ ಎಲ್ಲರಿಗೂ ಸ್ಟೀಲು ಬೇಕು. ತೆಳ್ಳನೆಯ ಸ್ಟೀಲಿಗೆ ರಾಡ್ ಹಿಡಿದರೆ ತೂತೇ ಗತಿ. ಅದಕ್ಕೆ ಟಿಗ್ ಮಷೀನೇ ಆಗಬೇಕು. ಅದರಲ್ಲಿ ಚೂಪಾದ ಟಂಗಸ್ಟನ್ ಕಡ್ಡಿಯ ತುದಿಯಿಂದ ಬೆಂಕಿ ಹೊರಡುತ್ತದೆ, ಸುತ್ತ ಆರ್ಗಾನ್ ಗ್ಯಾಸು ಹರಿದು ಕರಗಿದ ಸ್ಟೀಲಿಗೆ ಗಾಳಿ ತಾಗದಂತೆ ಕಾಯುತ್ತದೆ. ಬಲಗೈಯಲ್ಲಿ ಟಾರ್ಚು, ಎಡಗೈಯಲ್ಲಿ ಕರಗಿಸುವ ತಂತಿ.

ಅಮೋಲ್ ಮೊದಲು ಆಳೆತ್ತರದ ಮಷೀನೊಂದನ್ನು ತೋರಿಸಿದ. "ಕಾಕಾ, ಇದು ತಗೋರಿ. ಸ್ಟೀಲ್ ಅಲ್ದ ಅಲ್ಯುಮಿನಿಯಮ್ ಸುದ್ಧಾ ಮಾಡ್ತದ."

"ನಾ ಅಲ್ಯುಮಿನಿಯಮ್ ಮಾಡಂಗಿಲ್ಲ. ಮಾಡದ ಕೆಲಸಕ್ಕ ಮಷೀನ್ ಯಾಕ ಹೊರಲಿ?"

ಎರಡನೆಯದು ಸಸ್ತಾ ಇತ್ತು. ಆದರೆ ಬೆಂಕಿ ಹೊತ್ತಿಸಲು ಕಡ್ಡಿಯನ್ನು ಸ್ಟೀಲಿಗೆ ಗೀರಬೇಕು. ಗುರುಶಾಂತ ಬೇಡವೆಂದ. ಗೀರಿದರೆ ಕಡ್ಡಿಯ ಚೂರು ಜೋಡಿನೊಳಗೆ ಉಳಿಯುತ್ತದೆ, ಮುಂದೆ ಅಲ್ಲೇ ಬಿರುಕು. ಮೂರನೆಯದರಲ್ಲಿ ಕಡ್ಡಿ ಹತ್ತಿರ ಹಿಡಿದು ಬಟನ್ ಒತ್ತಿದರೆ ಸಾಕು, ಕಿಡಿ ತಾನೇ ಹಾರುತ್ತಿತ್ತು. ಅಕ್ಕಲಕೋಟದ ಏರಿಳಿಯುವ ಕರೆಂಟನ್ನು ತಡೆಯುತ್ತದೆಯೋ, ಎಷ್ಟು ಹೊತ್ತು ನಿಲ್ಲದೆ ಉರಿಸಿದರೆ ಕಾಯುತ್ತದೋ ಎಂದೆಲ್ಲ ಕೇಳಿದ ಮೇಲೆ ಗುರುಶಾಂತ, "ಹಚ್ಚಿ ತೋರಿಸು," ಎಂದು ಕಣ್ಣು ಮುಚ್ಚಿಕೊಂಡ.

ಅಮೋಲ್ ಒಂದು ಬೆರಳುದ್ದ ಬೆಸೆದು, ಬೆಂಕಿ ಆರಿಸಿ, ಟಾರ್ಚನ್ನು ಎತ್ತಿಬಿಟ್ಟ. ಗುರುಶಾಂತ ಕಣ್ಣು ತೆರೆದು ಅವನ ಮಣಿಕಟ್ಟು ಹಿಡಿದು, ಮತ್ತೆ ಅಲ್ಲೇ ತಂದಿಟ್ಟ.

"ಥಾಂಬಾ, ತಡಿ. ಬೆಂಕಿ ಆರಿದ ಮ್ಯಾಲೂ ಗ್ಯಾಸ್ ಬರಾಕತ್ತದ, ಕೇಳಸ್ತದಿಲ್ಲ? ಅದು ನಿಲ್ಲೂತನ ಕೈ ಎತ್ತಬಾರದು. ಹಚ್ಚೂದು ಎಲ್ಲಾ ಮಷೀನಿಗೂ ಬರ್ತದ. ಆರಿದ ಮ್ಯಾಲ ಎಷ್ಟೊತ್ತು ಕಾಯ್ತದ, ಅದು ನೋಡಬೇಕು."

ಬೆಸುಗೆಯ ಉಳಿದ ಭಾಗವೆಲ್ಲ ಹೊಳೆಯುತ್ತಿದ್ದರೆ, ಅಮೋಲ್ ಕೈ ಎತ್ತಿದ ಕೊನೆ ಮಾತ್ರ ಸುಟ್ಟ ಹಾಲಿನ ಹಾಗೆ ಕರ್ರಗಾಗಿತ್ತು. ಮಷೀನಿನಿಂದ ಇನ್ನೂ ಸಣ್ಣಗೆ ಸುಯ್ ಎಂಬ ಸದ್ದು ಬರುತ್ತಿತ್ತು. ರತ್ನಾಬಾಯಿಗೆ ಅದು ಯಾರೋ ಬೆನ್ನ ಹಿಂದೆ ಉಸಿರು ಬಿಟ್ಟಂತೆ ಕೇಳಿ, ಕೌದಿಯ ಗಂಟನ್ನು ಮಡಿಲಿಗೆ ಅವುಚಿಕೊಂಡಳು.

"ಇದs ಇರಲಿ. ಪೆಡಲ್ ಹಾಕಿ ಕೊಡು," ಎಂದ ಗುರುಶಾಂತ.

"ಪೆಡಲ್ ಕಶಾಲಾ, ಯಾಕ ಬೇಕು ಕಾಕಾ? ಟಾರ್ಚಿನ್ಯಾಗs ಬಟನ್ ಅದ. ಒಂದು ಬೆರಳು ಸಾಕು. ಪೆಡಲ್ ಸುಮ್ಮ ಕಾಲಾಗ ಬರ್ತದ."

"ಪೆಡಲs ಬೇಕು. ತುಳದ್ರ ಹತ್ತಬೇಕು, ಬಿಟ್ಟರ ಆರಬೇಕು. ಟಾರ್ಚಿಗಿ ಬಟನ್ ಬ್ಯಾಡ, ತಗದ ಬಿಡು."

ಅಂಗಡಿಯಲ್ಲಿದ್ದಷ್ಟು ಹೊತ್ತೂ ಗಂಡ ಬಲಗೈಯನ್ನು ಕಿಸೆಯಿಂದ ತೆಗೆದಿರಲಿಲ್ಲ, ಅಮೋಲನ ಮಣಿಕಟ್ಟು ಹಿಡಿದದ್ದೂ ಎಡಗೈಯಲ್ಲಿ ಎಂಬುದು ರತ್ನಾಬಾಯಿಗೆ ಬಸ್ಸಿನಲ್ಲಿ ಮರಳುವಾಗ ಹೊಳೆಯಿತು.

* * *

"ಬಿದಿರು ತರಸೂಣು," ಎಂದ ಶಾಂತಲಿಂಗಪ್ಪ. "ಹೊತ್ತು ಮುಣಗೂದ್ರಾಗ ಮಣ್ಣು ಆಗಬೇಕು. ಹೊಲದಾಗ ಕುಣಿ ತೋಡಿ ಆಗ್ಯದ."

"ಬಿದಿರಿನ ಹೆಸರು ತಗೀಬ್ಯಾಡ," ಎಂದು ಹಣಮಂತಪ್ಪ ತನ್ನ ಹೆಗಲು ಮುಟ್ಟಿಕೊಂಡ. "ಬ್ಯಾರೆ ವೆಲ್ಡರ್ ಯಾರನರ ಕರೀರಿ."

ಕರೆದರು. ಒಬ್ಬ ಸೋಲಾಪುರದಲ್ಲಿದ್ದ, ಸಂಜೆಗೆ ಬರುತ್ತೇನೆಂದ. ಇನ್ನೊಬ್ಬ, ನನಗೆ ರಾಡ್ ಬರುತ್ತದೆ, ಟಿಗ್ ಬರುವುದಿಲ್ಲ ಎಂದ. ಆಗ ಶಾಂತಲಿಂಗಪ್ಪನ ಕಣ್ಣು ಬಾಗಿಲ ಬಳಿ ಕೂತಿದ್ದ ಅಮೋಲನ ಮೇಲೆ ಬಿತ್ತು. ಸಾವಿನ ಸುದ್ದಿ ಕೇಳಿ ಅವನು ಚಿಂಚೋಳಿಯಿಂದ ತನ್ನ ಪಿಕಪ್ ತಗೊಂಡು ಬಂದಿದ್ದ.

"ಆ ಜೋಡು ನೀವs ಕೂಡಸಬಾರದೇನು? ಮಷೀನ್ ಕೊಟ್ಟಾವ್ರು ನೀವು."

"ಕಾಕಾ, ನಾ ಮಷೀನ್ ಮಾರ್ಕೊಂಡು ತಿನ್ನಾಂವ. ಗಿರಾಕಿಗಿ ಬೆರಳುದ್ದ ಮಾಡಿ ತೋರಸ್ತೀನಿ, ಅಷ್ಟs. ಮನಶ್ಯಾನ ಭಾರ ಹೊರೂ ಜೋಡು ನನ್ನ ಕೈಲೆ ಆಗಂಗಿಲ್ಲ."

"ಹಂಗಾರ ಹೋಗೂ ಮುಂದ ಮಷೀನ್ ಏರಿಸ್ಕೊಂಡ ಹೋಗ್ರಿ. ಮಕ್ಕಳಿಲ್ಲದ ಮನಿ. ನಡಸವ್ರು ಯಾರದಾರ ಇಲ್ಲಿ?"

ಅಮೋಲ್ ತಲೆ ಕೆರೆದುಕೊಂಡು ಹೊರಗೆ ನಿಂತ ಪಿಕಪ್ಪಿನ ಕಡೆ ನೋಡಿದ. ಗಂಡ ಹೋದದ್ದು ಬೆಳಿಗ್ಗೆ. ಮಷೀನು ಸಂಜೆಗೇ ಹೋಗುವುದೆಂದರೆ ಒಂದೇ ದಿನ ಎರಡು ಸಾವು ಅನ್ನಿಸಿತು ರತ್ನಾಬಾಯಿಗೆ. ಅವಳು ಸೆರಗು ಬಿಗಿದು ಎದ್ದು ನಿಂತಳು.

"ಭಾವಾ, ಅವರು ಅದರ ಮ್ಯಾಲs ಹೋಗಬೇಕು. ಜೋಡು ನಾ ಕೂಡಸ್ತೀನಿ."

ಭಜನೆ ಹಾಡುತ್ತಿದ್ದವರ ತಾಳ ತಪ್ಪಿತು. ನೆರೆಮನೆಯ ಬೀರವ್ವ, ಎಂಬತ್ತರ ಮುದುಕಿ, ಅವಳ ಸೆರಗು ಹಿಡಿದು ಜಗ್ಗಿದಳು. "ಏ ಹುಚ್ಚಿ, ಹೆಣದ ಮಗ್ಗಲದಿಂದ ಏಳಬಾರದು. ಕುಂದ್ರು."

"ನಿನಗೇನ ಬರ್ತದ ರತ್ನಾ?" ಶಾಂತಲಿಂಗಪ್ಪನ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು.

"ಬರ್ತದ," ಎಂದಳು. ಬರುತ್ತದೆ ಎಂದದ್ದು ಅರ್ಧ ಮಾತ್ರ ನಿಜವೆಂದು ಅವಳಿಗೆ ಗೊತ್ತಿತ್ತು.

* * *

ಮಷೀನು ಮನೆಗೆ ಬಂದ ವರ್ಷವೇ ಕೈ ಹದಗೆಟ್ಟಿತು. ಟಂಗಸ್ಟನ್ ಕಡ್ಡಿಗೂ ಸ್ಟೀಲಿಗೂ ನಡುವೆ ಸಾಸಿವೆ ಕಾಳಿನಷ್ಟೇ ಜಾಗ. ನಡುಗುವ ಕೈ ಆ ಜಾಗ ಎಲ್ಲಿಂದ ಕಾದೀತು? ಕಡ್ಡಿಯ ತುದಿ ಕರಗಿದ ಸ್ಟೀಲಿನ ಹನಿಯಲ್ಲಿ ಮುಳುಗಿಬಿಡುತ್ತಿತ್ತು, ಬೆಂಕಿ ಚಿಟ್ಟನೆ ಸಿಡಿಯುತ್ತಿತ್ತು, ಗುರುಶಾಂತ ಕಡ್ಡಿ ಬಿಚ್ಚಿ ಮತ್ತೆ ಮಸೆಯಲು ಕೂರುತ್ತಿದ್ದ. ದಿನಕ್ಕೆ ಮೂವತ್ತು ಸಲ. ಒಂದು ಮಧ್ಯಾಹ್ನ ಮಸೆಯುವ ಕಲ್ಲು ನಿಲ್ಲಿಸಿ, ಶೆಡ್ಡಿನ ಬಾಗಿಲಲ್ಲಿ ಕೌದಿ ಹೊಲಿಯುತ್ತಿದ್ದ ಹೆಂಡತಿಯ ಸೂಜಿಯನ್ನು ಬಹಳ ಹೊತ್ತು ನೋಡಿದ. ಅಳೆದಿಟ್ಟಂತೆ ಒಂದರ ಪಕ್ಕ ಒಂದು, ಅಕ್ಕಿಕಾಳಿನಷ್ಟೇ ಹೊಲಿಗೆ, ಸಾಲು ಸಾಲಾಗಿ.

"ರತ್ನಾ, ಅದನ್ನಿಡು. ಇತ್ತ ಬಾ."

ಹದಿನೈದು ದಿನ ಬೆಂಕಿಯೇ ಇಲ್ಲ. ತಣ್ಣನೆಯ ತಗಡಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಅದರುದ್ದಕ್ಕೂ ಟಾರ್ಚು ಸಾಗಿಸು, ತಂತಿ ಮುಟ್ಟಿಸು, ಹಿಂದಕ್ಕೆ ತಗೋ, ಮತ್ತೆ ಸಾಗು ಎಂದು ತಾಲೀಮು. ಉಸಿರು ಬಿಗಿಹಿಡಿದರೆ ಬೈಯುತ್ತಿದ್ದ. ಅಂಗೈಯ ಅಂಚು ತಗಡಿನ ಮೇಲೆ ಊರಿರಬೇಕು, ಎಡಗೈಯ ಹೆಬ್ಬೆರಳು ತಂತಿಯನ್ನು ತಾನೇ ಮುಂದೆ ನೂಕುತ್ತಿರಬೇಕು. ಹದಿನಾರನೆಯ ದಿನ ಅವಳಿಗೆ ಹೆಲ್ಮೆಟ್ ತೊಡಿಸಿ, ತಾನು ಹಿಂದಿನ ಸ್ಟೂಲಿನ ಮೇಲೆ ಕೂತು, ಬಲಗಾಲನ್ನು ಪೆಡಲಿನ ಮೇಲಿಟ್ಟ. ಕೈ ನಡುಗುತ್ತಿದ್ದ ಮನುಷ್ಯನ ಕಾಲು ಕಂಬದ ಹಾಗೆ ಗಟ್ಟಿಯಿತ್ತು.

"ಕೈ ನಿಂದು. ಬೆಂಕಿ ನನಗ ಬಿಡು. ತಯಾರಾದ ಕೂಡ್ಲೆ ಹೂಂ ಅನ್ನು."

ಪೆಡಲು ತುಳಿಯದೆ ಕಿಡಿ ಹೊತ್ತುವುದಿಲ್ಲ. ಹೆಚ್ಚು ತುಳಿದಷ್ಟು ಬೆಂಕಿ ಹೆಚ್ಚು. ಹನಿ ಹಿಗ್ಗಿತೆಂದರೆ ಅವನ ಕಾಲು ತುಸು ಸಡಿಲುತ್ತಿತ್ತು, ಕುಗ್ಗಿತೆಂದರೆ ಒತ್ತುತ್ತಿತ್ತು; ಅವಳು ಹೇಳುವ ಮೊದಲೇ. ಕೊನೆಗೆ ಬಂದಾಗ ಒಮ್ಮೆಗೇ ಬಿಡದೆ, ಮಲಗಿದ ಕೂಸಿನ ತೊಟ್ಟಿಲಿನಿಂದ ಕೈ ತೆಗೆಯುವ ಹಾಗೆ ಬೆಂಕಿಯನ್ನು ಇಳಿಸುತ್ತಿದ್ದ. ಆಮೇಲೆ ಗ್ಯಾಸಿನ ಸುಯ್ ಸದ್ದು, ಹತ್ತು ಎಣಿಸುವತನಕ. ಮೊದಮೊದಲು ಅವಳು ಆರಕ್ಕೇ ಕೈ ಎತ್ತುತ್ತಿದ್ದಳು. "ಮನಿಗಿ ಬೆಂಕಿ ಹತ್ತಿದ್ರೂ ಹತ್ತು ಎಣಸು," ಎಂದು ಕಲಿಸಿದ. ಹತ್ತು ಎಣಿಸಿದ ಬೆಸುಗೆ ಒಣಹುಲ್ಲಿನ ಬಂಗಾರದ ಬಣ್ಣಕ್ಕೆ ನಿಲ್ಲುತ್ತಿತ್ತು.

ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ಗಾಳಿ ನುಗ್ಗಿದರೆ ಗ್ಯಾಸು ಚದರಿಹೋಗುತ್ತದೆ, ಅದು ಊರಿಗೆ ಹೇಳುವ ಕಾರಣ, ಸುಳ್ಳೂ ಅಲ್ಲ. ಹೊರಗೆ ಗಿರಾಕಿಗಳು ಬೆಸುಗೆಯ ಮೇಲೆ ಬೆರಳಾಡಿಸಿ, "ಗುರುಶಾಂತನ ಕೈ ಅಂದರ ಕೈ," ಎನ್ನುವಾಗ ಒಳಗೆ ಚಹಾ ಕಾಸುತ್ತಿದ್ದ ರತ್ನಾಬಾಯಿಗೆ ಹೆಮ್ಮೆಯಾಗುತ್ತಿತ್ತು, ಕೈ ತನ್ನದೆಂದು ಹೇಳಲಾಗದ ಸಂಕಟವೂ ಆಗುತ್ತಿತ್ತು. ಎರಡನ್ನೂ ನುಂಗಿಕೊಂಡು ಆರು ವರ್ಷ ದುಡಿದಳು. ಕೈ ಪಳಗಿತು. ಕಾಲಿನ ಕೆಲಸ ಮಾತ್ರ ಒಂದು ದಿನವೂ ಅವಳ ಪಾಲಿಗೆ ಬರಲಿಲ್ಲ.

ಹೋದ ವಾರ ವಿಮಾನದ ಎಲ್ಲ ಜೋಡುಗಳೂ ಮುಗಿದು ಒಂದು ಉಳಿಯಿತು. ಕೊನೆಯದೊಂದನ್ನು ಬಿಟ್ಟು, ಸ್ಟೀಲು ತಣಿದು ಎತ್ತ ಬಾಗುತ್ತದೋ ನೋಡಿಕೊಂಡು ಮರುದಿನ ಮುಗಿಸುವುದು ಅವನ ಪದ್ಧತಿ. ಆದರೆ ಮರುದಿನವೂ ಗುರುಶಾಂತ ಪೆಡಲು ಮುಟ್ಟಲಿಲ್ಲ. ಅವಳು ನೆನಪಿಸಿದಾಗ ವಿಮಾನವನ್ನೇ ನೋಡುತ್ತ, "ಗಡಬಡಿ ಏನದ? ಅದೊಂದು ಇರಲಿ. ಆಮ್ಯಾಲ ಮಾಡೂಣು," ಎಂದ.

ಯಾವುದರ ಆಮೇಲೆ ಎಂದು ಅವಳು ಕೇಳಿರಲಿಲ್ಲ.

* * *

ಶೆಡ್ಡಿನ ಬಾಗಿಲು ಮುಚ್ಚಿ ಅಗುಳಿ ಹಾಕಿದ ಮೇಲೆ ಹೊರಗಿನ ಭಜನೆ ಬಾವಿಯೊಳಗಿನಿಂದ ಬಂದಂತೆ ಕೇಳತೊಡಗಿತು. ವಿಮಾನ ನಡುವೆ ನಿಂತಿತ್ತು, ಬೆಳ್ಳಗೆ, ಯಾರಿಗೋ ಕಾದ ಹಾಗೆ. ಗ್ಯಾಸಿನ ಸಿಲಿಂಡರ್ ತಿರುಗಿಸಿದಳು, ಮಷೀನಿನ ದೀಪ ಹತ್ತಿತು. ಕಡ್ಡಿ ಮಸೆದು ಸಿಕ್ಕಿಸಿದಳು. ಅಷ್ಟೆಲ್ಲ ಕೈಗೆ ಬಾಯಿಪಾಠ ಇತ್ತು.

ಮೊದಲು ಚೂರು ಪೈಪಿನ ಮೇಲೆ ನೋಡಬೇಕು. ಸ್ಟೂಲಿನ ಕೆಳಗಿದ್ದ ಪೆಡಲನ್ನು ಎಳೆದುಕೊಂಡು, ಬಲಗಾಲು ಇಟ್ಟು ತುಳಿದಳು. ಬೆಂಕಿ ಭಗ್ಗೆಂದು ಬಂದು ಪೈಪಿನಲ್ಲಿ ನಾಲ್ಕಾಣೆಯಗಲ ತೂತು ಬಿತ್ತು. ಎರಡನೆಯ ಚೂರಿಗೆ ಹಗುರಾಗಿ ತುಳಿದಳು; ಹನಿ ಆಗಲೇ ಇಲ್ಲ, ಗಾಬರಿಯಾಗಿ ಒತ್ತಿದರೆ ಮತ್ತೆ ತೂತು. ಕೈಯ ಮೇಲೆ ಗಮನವಿಟ್ಟರೆ ಕಾಲು ಮರೆಯುತ್ತಿತ್ತು, ಕಾಲು ನೆನೆದರೆ ಕೈ ಎಡವುತ್ತಿತ್ತು. ಮೂರನೆಯ ಚೂರು, ನಾಲ್ಕನೆಯದು. ಹೊರಗೆ ಯಾರೋ, "ಹೊತ್ತಾಗ್ಲಿಕತ್ತದ ರೀ," ಎಂದು ಬಾಗಿಲು ಬಡಿದರು.

ಈ ಜೋಡು ನಡುದಾರಿಯಲ್ಲಿ ಬಿಟ್ಟುಕೊಂಡರೆ ಗಂಡ ಜನರ ಮುಂದೆ ಮಣ್ಣಿಗೆ ಬೀಳುತ್ತಾನೆ. ಆರು ವರ್ಷ ಯಾರಿಗೂ ನಡುಕ ತೋರಿಸದೆ ಮಾನ ಕಾಯ್ದುಕೊಂಡವನು, ಕೊನೆಯ ದಿನ, ಅವಳ ಕಾಲಿನ ತಪ್ಪಿಗೆ. ರತ್ನಾಬಾಯಿಗೆ ಸಿಟ್ಟು ಬಂತು, ಅವನ ಮೇಲೆಯೇ. ಎಲ್ಲ ಕಲಿಸಿ ಇದೊಂದನ್ನು ಯಾಕೆ ತನ್ನ ಹತ್ತಿರ ಇಟ್ಟುಕೊಂಡ? ಪೆಡಲನ್ನು ಕಾಲಿನಿಂದ ಹಿಂದಕ್ಕೆ ನೂಕಿದಳು. ಅದು ಸಿಮೆಂಟಿನ ಮೇಲೆ ಜಾರಿ ಸ್ಟೂಲಿನ ಕೆಳಗೆ, ತನ್ನ ಹಳೇ ಜಾಗದಲ್ಲೇ ಹೋಗಿ ನಿಂತಿತು.

ಬಾಕಿ ಜೋಡು ಆಸನದ ಕೆಳಗೆ, ಹಿಂದಿನ ಕಾಲಿನ ಸಂದಿಯಲ್ಲಿತ್ತು. ಏನು ಮಾಡಬೇಕೆಂದು ತೋಚದೆ ಅವಳು ಅದರೆದುರು ಎರಡೂ ಮೊಣಕಾಲೂರಿ ಕೂತಳು. ಕಣ್ಣೀರು ಯಾರಿಗೂ ಕಾಣದಿರಲೆಂದು, ನೋಡುವವರು ಯಾರೂ ಇಲ್ಲದಿದ್ದರೂ, ಹೆಲ್ಮೆಟ್ ಇಳಿಸಿಕೊಂಡಳು. ಕತ್ತಲಾಯಿತು. ಬಲಗೈ ತನ್ನಷ್ಟಕ್ಕೆ ಟಾರ್ಚು ಹಿಡಿದು ಜೋಡಿನ ಹತ್ತಿರ ಬಂತು, ಸಾಸಿವೆ ಕಾಳಿನಷ್ಟು ಜಾಗ ಬಿಟ್ಟು ನಿಂತಿತು. ಎಡಗೈಯ ಬೆರಳುಗಳಿಗೆ ತಂತಿ ಬಂತು. ಆರು ವರ್ಷದ ರೂಢಿ ಗಂಟಲಿನಿಂದ ಹೊರಬಿತ್ತು.

"ಹೂಂ."

ಕಿಡಿ ಹೊತ್ತಿತು.

ಅವಳ ಎರಡೂ ಮೊಣಕಾಲು ನೆಲಕ್ಕಂಟಿದ್ದವು. ತಣ್ಣನೆಯ ಸಿಮೆಂಟು ಮೊಣಕಾಲಿನ ಚಿಪ್ಪಿಗೆ ಒತ್ತುತ್ತಿತ್ತು, ಎರಡಕ್ಕೂ, ಸಮಾ. ಓಡಬೇಕೆನ್ನಿಸಿತು. ಆದರೆ ಕಣ್ಣೆದುರು ಹನಿ ಮೂಡಿ ಹೊಳೆಯುತ್ತಿತ್ತು. ಮೂಡಿದ ಹನಿಯನ್ನು ನಡುವೆ ಬಿಟ್ಟು ಹೋಗುವುದನ್ನು ಆ ಕೈ ಕಲಿತಿರಲಿಲ್ಲ. ತಂತಿ ಮುಟ್ಟಿಸಿದಳು. ಸರಿದಳು. ಮತ್ತೆ ಮುಟ್ಟಿಸಿದಳು.

ಪೈಪಿನ ಮಗ್ಗುಲಿಗೆ ಹೊರಳುವಾಗ ಹನಿ ಹಿಗ್ಗಿತು. ಅವಳು ಏನೂ ಹೇಳಲಿಲ್ಲ. ಬೆಂಕಿ ತುಸು ತಗ್ಗಿತು. ಸಂದಿಯ ದಪ್ಪ ಜಾಗಕ್ಕೆ ಬಂದಾಗ ತುಸು ಏರಿತು. ಬೆನ್ನ ಹಿಂದೆ ಸ್ಟೂಲು ಒಮ್ಮೆ ಕಿರ್ರೆಂದಿತು, ಅವನು ಭಾರ ಬದಲಿಸುವಾಗ ಅನ್ನುತ್ತಿದ್ದ ಹಾಗೆಯೇ. ತಿರುಗಿ ನೋಡಿದರೆ ಕೈ ಅಲುಗುತ್ತದೆ, ಅಲುಗಿದರೆ ಜೋಡು ಕೆಡುತ್ತದೆ. ಅವಳು ತಿರುಗಲಿಲ್ಲ.

ಕೊನೆ ಬಂತು. ಬೆಂಕಿ ಇಳಿಯಿತು, ತೊಟ್ಟಿಲಿನಿಂದ ಕೈ ತೆಗೆದ ಹಾಗೆ, ಇಳಿದು ಇಳಿದು ಆರಿತು. ಕತ್ತಲಲ್ಲಿ ಗ್ಯಾಸು ಸುಯ್ ಎನ್ನತೊಡಗಿತು. ಒಂದು. ಎರಡು. ಉಸಿರು ಎಷ್ಟು ಹತ್ತಿರ ಕೇಳುತ್ತಿತ್ತೆಂದರೆ ಗ್ಯಾಸಿನದು ಯಾವುದು, ತನ್ನದು ಯಾವುದು, ಮೂರನೆಯದೊಂದು ಇದೆಯೋ ಇಲ್ಲವೋ ತಿಳಿಯದಾಯಿತು. ಐದು. ಆರು. ಮೈಯೆಲ್ಲ ಎದ್ದು ಓಡು ಎನ್ನುತ್ತಿತ್ತು, ಕೈ ಮಾತ್ರ ಇದ್ದಲ್ಲೇ ಇತ್ತು. ಒಂಬತ್ತು. ಹತ್ತು.

ಸದ್ದು ನಿಂತಿತು. ಹೆಲ್ಮೆಟ್ ಎತ್ತಿ, ನಿಧಾನವಾಗಿ ತಿರುಗಿ ನೋಡಿದಳು. ಸ್ಟೂಲು ಖಾಲಿ ಇತ್ತು.

"ಆತರಿ," ಎಂದಳು, ಖಾಲಿ ಸ್ಟೂಲಿಗೆ.

* * *

ಬಾಗಿಲು ತೆರೆದಾಗ ಅಂಗಳದಲ್ಲಿ ಯಾರೂ ಹಾಡುತ್ತಿರಲಿಲ್ಲ. ಬಾಗಿಲ ಸಂದಿಯಿಂದ ನೀಲಿ ಬೆಳಕು ಬಂದಾಗ ಮಂದಿ ತಾಳ ಕೆಳಗಿಟ್ಟು ಶೆಡ್ಡಿನ ಕಡೆ ತಿರುಗಿದ್ದರು. ಮೆಟ್ಟಿಲ ಮೇಲೆ ಬೀರವ್ವ ಕೋಲು ಹಿಡಿದು ನಿಂತಿದ್ದಳು.

"ರತ್ನಾ, ನೀ ಒಳಗ ಕಡೀ ಸಲ ಬೆಳಕ ಮಾಡಿದ್ಯಲ್ಲ, ಆವಾಗ ಅವನ ಕಾಲು ನೋಡಬೇಕಾಗಿತ್ತು. ನೆಲಕ್ಕ ಒತ್ತಿ ಹಿಡಿದಿತ್ತs ನನ್ನವ್ವ. ಇಬ್ಬರು ಗಂಡಸರು ಎತ್ತಾಕ ಹೋದ್ರ ಏಳವಲ್ದು. ಬೆಳಕ ಆರಿತು, ತಾನs ಸಡ್ಲ ಬಿಟ್ಟಿತು."

"ಸುಮ್ಕಿರು ಆಯಿ," ಎಂದ ಹಣಮಂತಪ್ಪ. ಅವನ ಮುಖ ಬಿಳಚಿತ್ತು. "ಬಿಸಿನೀರು ಕಾಸಿದ್ದಕ್ಕ ಸಡ್ಲಾತು. ಹಂಗ ಆಗ್ತದ."

ಬಲಗಾಲು ಈಗ ಎಡತೊಡೆಯ ಮೇಲೆ ಸರಿಯಾಗಿ ಮಡಚಿಕೊಂಡಿತ್ತು. ಯಾರೂ ಪಟ್ಟಿ ಕಟ್ಟಿರಲಿಲ್ಲ.

ವಿಮಾನವನ್ನು ಹೊರಗೆ ತಂದು ಇಟ್ಟರು. ಹಣಮಂತಪ್ಪ ಎರಡೂ ಕೈಯೂರಿ ತನ್ನ ಭಾರವನ್ನೆಲ್ಲ ಹಾಕಿ ಅಲುಗಿಸಿದ, ಅಲುಗಲಿಲ್ಲ. ಅಮೋಲ್ ಬಗ್ಗಿ, ಹೊಸ ಜೋಡಿನ ಸುತ್ತ ಬೆರಳಾಡಿಸಿದ. ಬೆಸುಗೆ ಒಣಹುಲ್ಲಿನ ಬಣ್ಣಕ್ಕೆ ಹೊಳೆಯುತ್ತಿತ್ತು, ಕೌದಿಯ ಹೊಲಿಗೆಯಂತೆ ಒಂದೇ ಅಳತೆ, ಕೊನೆಯಲ್ಲಿ ಕೂಡ ಕಪ್ಪಿಲ್ಲ.

"ಇದು ಕಾಕಾಂದs ಕೈ," ಎಂದ ಮೆಲ್ಲಗೆ.

"ಕೈ ನಂದು," ಎಂದಳು ರತ್ನಾಬಾಯಿ. "ಆರು ವರ್ಷದಿಂದ ನಂದs."

ಅಷ್ಟು ಹೇಳುವಾಗ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಕಾಲು ಯಾರದು ಎಂದು ಅವಳು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಶಾಂತಲಿಂಗಪ್ಪ ಒಮ್ಮೆ ಅವಳನ್ನು, ಒಮ್ಮೆ ತಮ್ಮನ ಸುಮ್ಮನಾದ ಬಲಗೈಯನ್ನು ನೋಡಿ, ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಂಡ.

"ಕಾಕಿ," ಎಂದ ಅಮೋಲ್, "ಮಷೀನ್ ನಾ ಒಯ್ಯಂಗಿಲ್ಲ."

ಗುರುಶಾಂತನನ್ನು ಎತ್ತಿ ಕೂರಿಸಿದರು. ಬಿಲ್ವಪತ್ರಿ, ಹೂವಿನ ಸರ ಹಾಕಿದರು. ನಾಲ್ವರು ಹೆಗಲು ಕೊಟ್ಟು ಮೇಲೆತ್ತಿದಾಗ ರತ್ನಾಬಾಯಿ ಆಸನದ ಕೆಳಗಿನ ಆ ಒಂದು ಜೋಡಿನಿಂದ ಕಣ್ಣು ಕೀಳಲಿಲ್ಲ. ಅದು ಭಾರ ಹೊತ್ತಿತು. ಓಣಿಯ ತಿರುವಿನಲ್ಲಿ ವಿಮಾನ ಒಮ್ಮೆ ವಾಲಿ ಮತ್ತೆ ನೆಟ್ಟಗಾಯಿತು. ಭಜನೆ ಹೊಲದ ದಾರಿ ಹಿಡಿದು ದೂರ ದೂರ ಹೋಯಿತು. ಬೀರವ್ವ ಮನೆ ತೊಳೆಯಲು ನೀರು ತರಿಸುತ್ತಿದ್ದಳು.

ರತ್ನಾಬಾಯಿ ಮಷೀನಿನ ದೀಪ ಆರಿಸಲು ಶೆಡ್ಡಿಗೆ ಹೋದಳು. ತೆರೆದ ಬಾಗಿಲಿನಿಂದ ಇಳಿಬಿಸಿಲು ಸ್ಟೂಲಿನ ಕೆಳಗಿನವರೆಗೆ ಬಂದಿತ್ತು. ಪೆಡಲಿನ ಕಪ್ಪು ರಬ್ಬರಿನ ಮೇಲೆ ಬೆಳ್ಳಗೆ ಒಂದು ಗುರುತಿತ್ತು. ವಿಭೂತಿಯದು. ಹಿಮ್ಮಡಿ, ಅಂಗಾಲಿನ ಹೊರ ಅಂಚು, ಐದು ಬೆರಳು.

ಅವಳು ಬಗ್ಗಿ ನೋಡಿದಳು. ಒರೆಸಲಿಲ್ಲ. ಆಮೇಲೆ ಸ್ಟೂಲಿನ ಮೇಲೆ ಕೂತು, ಸೀರೆಯ ನಿರಿಗೆ ತುಸು ಎತ್ತಿ, ತನ್ನ ಬಲಗಾಲನ್ನು ಆ ಗುರುತಿನ ಮೇಲೆ ಮೆಲ್ಲಗೆ ಇಟ್ಟಳು. ರಬ್ಬರು ಇನ್ನೂ ಬೆಚ್ಚಗಿತ್ತು. ಅವನ ಬೆರಳುಗಳ ಗುರುತು ಅವಳ ಬೆರಳಿಗಿಂತ ಒಂದು ಅಂಗುಲ ಮುಂದೆ ಚಾಚಿತ್ತು.